ತಿಮ್ಮಕ್ಕನಿಗೆ ಸಂದ ಗೌರವಗಳು: ಪಾರ್ಕಿನ ಮೇಷ್ಟ್ರಿಗೆ ಸನ್ಮಾನ ಮಾಡುವ ಮುಂಚೆ ಓದಿಕೊಂಡ ಒಂದು ಪ್ರಕರಣ

ನಮ್ಮ ಬಡಾವಣೆಯ ಪಾರ್ಕು ದೊಡ್ಡದೇನಲ್ಲ. ಒಂದು ಸುತ್ತು ಬರಲು ನಾಲ್ಕು ನಿಮಿಷ ಸಾಕು. ಒಂದು ಜಾರುಬಂಡೆ, ಎರಡು ಉಯ್ಯಾಲೆ, ಸುಣ್ಣದಲ್ಲಿ ಗೆರೆ ಎಳೆದ ಖೋಖೋ ಅಂಕಣ, ಕಾಂಪೌಂಡಿನ ಉದ್ದಕ್ಕೂ ಹೊಂಗೆ ಮರಗಳು. ಆ ಹೊಂಗೆಗಳನ್ನು ನೆಟ್ಟು ಬೆಳೆಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಬಂದು ಗಿಡಗಳ ಪಾತಿ ಬಿಡಿಸುತ್ತಾರೆ. ಸಂಜೆ ಸೀಟಿ ಹಿಡಿದು ಮಕ್ಕಳಿಗೆ ಖೋಖೋ ಆಡಿಸುತ್ತಾರೆ. ಯಾರೂ ಹೇಳಿದ್ದಲ್ಲ, ಯಾರೂ ಸಂಬಳ ಕೊಡುವುದಿಲ್ಲ.

ಈ ಸಲದ ರಾಜ್ಯೋತ್ಸವಕ್ಕೆ ಅವರಿಗೆ ಸನ್ಮಾನ ಮಾಡೋಣ ಅಂತ ನಮ್ಮ ಕ್ಷೇಮಾಭಿವೃದ್ಧಿ ಸಂಘದಲ್ಲಿ ತೀರ್ಮಾನವಾಯಿತು. ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ಎಲ್ಲರೂ ಮಾಡುವ ಪಟ್ಟಿಯನ್ನೇ ಮಾಡಿದೆ: ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಹೆಸರು ಕೆತ್ತಿಸಿದ ಫಲಕ. ವಿಷಯ ತಿಳಿಸಲು ಅವರ ಮನೆಗೆ ಹೋದೆ. ಮೇಷ್ಟ್ರು ಕಾಫಿ ಕೊಡಿಸಿ, ಎಲ್ಲ ಕೇಳಿಸಿಕೊಂಡು, "ಆಗಲಿ ಬಿಡಪ್ಪ, ನಿಮ್ಮ ಸಂತೋಷ. ಆದರೆ ಆ ನಲ್ಲಿ ಒಂದು ಸರಿ ಮಾಡಿಸಿಕೊಡಿ. ಯುಗಾದಿಯಿಂದ ಮನೆಯಿಂದಲೇ ನೀರು ಹೊರುತ್ತಾ ಇದ್ದೀವಿ" ಅಂದರು.

ನಾನು ದಿನಾ ಆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತೇನೆ. ನಲ್ಲಿ ಕೆಟ್ಟಿರುವುದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಪಟ್ಟಿಯನ್ನು ಮತ್ತೆ ತೆರೆದು ನೋಡಿದಾಗ ಅದರಲ್ಲಿ ಏನೋ ತಪ್ಪಿದೆ ಅನ್ನಿಸಿತು. ಜನರಿಗಾಗಿ ಸುಮ್ನೆ ದುಡಿಯುವವರನ್ನು ಗೌರವಿಸುವುದು ಅಂದರೆ ಏನು? ನಮ್ಮ ನಾಡಿನಲ್ಲಿ ಹೀಗೆ ದುಡಿದು ಅತಿ ಹೆಚ್ಚು ಸನ್ಮಾನ ಪಡೆದವರು ಯಾರು ಅಂತ ಯೋಚಿಸಿದರೆ ಉತ್ತರ ಎಲ್ಲರಿಗೂ ಗೊತ್ತು. ಸಾಲುಮರದ ತಿಮ್ಮಕ್ಕ. ಅವರಿಗೆ ನಾವು ಏನೇನು ಕೊಟ್ಟೆವು, ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಕೂತು ಓದಿದೆ. ಆ ಓದಿನ ಬರಹ ಇದು.

ಹುಲಿಕಲ್ಲಿನಿಂದ ಕುದೂರಿಗೆ

ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಶಾಲೆಗೆ ಹೋಗಲಿಲ್ಲ. ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಬಿಕ್ಕಲು ಚಿಕ್ಕಯ್ಯನವರನ್ನು ಮದುವೆಯಾದರು. ಅವರದೂ ಕೂಲಿಯ ಬದುಕೇ. ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಸೇರಿ ರಸ್ತೆ ಬದಿಯಲ್ಲಿ ಆಲದ ಸಸಿ ನೆಡಲು ಶುರುಮಾಡಿದರು.

ಈ ಕಥೆ ನಮಗೆ ಬಾಯಿಪಾಠ. ಮಕ್ಕಳಿಲ್ಲದ ತಾಯಿ ಮರಗಳನ್ನೇ ಮಕ್ಕಳೆಂದು ಸಾಕಿದಳು ಅಂತ ಪ್ರತಿ ವೇದಿಕೆಯಲ್ಲೂ ಹೇಳುತ್ತಾರೆ. ಅದು ನಿಜ, ತಿಮ್ಮಕ್ಕನೇ ಹಾಗೆ ಹೇಳಿಕೊಂಡಿದ್ದರು. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಅವರ ಕೆಲಸ ಮರೆಯಾಗಿ ದುಃಖ ಮಾತ್ರ ಉಳಿಯುತ್ತದೆ. ದುಃಖ ಇದ್ದವರೆಲ್ಲ ಮರ ಬೆಳೆಸುವುದಿಲ್ಲ. ಬೆಳೆಸಲು ಗೊತ್ತಿರಬೇಕು. ಹಾಗಾಗಿ ಆ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸಸಿಗಳನ್ನು ಅವರು ಎಲ್ಲಿಂದಲೋ ಕೊಂಡು ತಂದಿದ್ದಲ್ಲ. ಊರ ಸುತ್ತಮುತ್ತ ಇದ್ದ ಆಲದ ಮರಗಳಿಂದಲೇ ಮಾಡಿಕೊಂಡರು. ಮೊದಲ ವರ್ಷ ಹತ್ತು, ಎರಡನೇ ವರ್ಷ ಹದಿನೈದು, ಮೂರನೇ ವರ್ಷ ಇಪ್ಪತ್ತು. ಈ ಲೆಕ್ಕದಲ್ಲೇ ಅವರ ಜಾಣತನ ಇದೆ. ಹೋದ ವರ್ಷದ ಗಿಡಗಳನ್ನು ನೋಡಿಕೊಳ್ಳುತ್ತಾ ಹೊಸದು ಎಷ್ಟು ಹೊರಲು ಸಾಧ್ಯವೋ ಅಷ್ಟನ್ನೇ ನೆಟ್ಟರು. ಒಂದೇ ದಿನ ಲಕ್ಷ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು, ಮುಂದಿನ ಬೇಸಿಗೆಗೆ ಒಣಕಲು ಕಡ್ಡಿ ನೋಡುವ ನಮಗೆ ಇದು ದೊಡ್ಡ ಪಾಠ.

ನೆಡುತ್ತಿದ್ದುದು ಮಳೆಗಾಲದಲ್ಲಿ. ಮೊದಲ ಕೆಲವು ತಿಂಗಳು ಆಕಾಶವೇ ನೀರು ಹಾಕುತ್ತದೆ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ನಡುವಿನ ಬೇಸಿಗೆ ಇದೆಯಲ್ಲ, ಅದೇ ಕಷ್ಟದ್ದು. ಆಗ ಗಂಡ ಹೆಂಡತಿ ನೀರು ಹೊತ್ತು ಕಿಲೋಮೀಟರುಗಟ್ಟಲೆ ನಡೆಯುತ್ತಿದ್ದರು. ಕೂಲಿ ಮುಗಿಸಿ ಬಂದ ಮೈಯಲ್ಲೇ ಈ ಕೆಲಸ. ದನ ಮೇಕೆ ಬಾಯಿ ಹಾಕದಂತೆ ಪ್ರತಿ ಸಸಿಗೂ ಮುಳ್ಳಿನ ಬೇಲಿ. ಹಳ್ಳಿಯಲ್ಲಿ ಬೆಳೆದವರಿಗೆ ಮುಳ್ಳು ಕಡಿದು ತರುವುದು ಎಂಥ ಕೆಲಸ ಅಂತ ಗೊತ್ತಿರುತ್ತದೆ. ಕೈ ಗೀರಿಕೊಳ್ಳದೆ ಒಂದು ಹೊರೆ ಮುಳ್ಳು ತರಲು ಆಗುವುದಿಲ್ಲ. ಮಳೆಗೆ ಬೇಲಿ ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ, ಒಲೆಗೆ ಅಂತ ಯಾರೋ ಎಳೆದುಕೊಂಡು ಹೋಗುತ್ತಾರೆ. ಮತ್ತೆ ಕಟ್ಟಬೇಕು. ಆಲದ ಗಿಡ ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಆಗುವವರೆಗೂ ಕಟ್ಟುತ್ತಲೇ ಇರಬೇಕು.

ಹೀಗೆ ಬೆಳೆದದ್ದು 385 ಆಲದ ಮರಗಳು. ಆ ಸಾಲು 45 ಕಿಲೋಮೀಟರ್ ಉದ್ದ ಅಂತ ಎಷ್ಟೋ ಕಡೆ ಅಚ್ಚಾಗಿದೆ. ಅದು ತಪ್ಪು. ಹುಲಿಕಲ್ಲಿಗೂ ಕುದೂರಿಗೂ ನಡುವೆ ಇರುವುದು ನಾಲ್ಕು, ನಾಲ್ಕೂವರೆ ಕಿಲೋಮೀಟರ್ ಅಷ್ಟೇ. ಚುಕ್ಕಿ ಎಲ್ಲೋ ಬಿದ್ದುಹೋಗಿದೆ. ಲೆಕ್ಕ ಹಾಕಿ ನೋಡಿ. ರಸ್ತೆಯ ಎರಡೂ ಬದಿಗೆ ಹಂಚಿದರೆ ಸುಮಾರು ಇಪ್ಪತ್ತು ಮೀಟರಿಗೆ ಒಂದು ಮರ. ಅಂದರೆ ಒಂದರ ಕೊಂಬೆ ಇನ್ನೊಂದಕ್ಕೆ ತಾಗಿ ನೆರಳು ಎಲ್ಲೂ ತುಂಡಾಗದಷ್ಟು ಹತ್ತಿರ. ನನಗೆ ಈ ಚಿಕ್ಕ ಸಂಖ್ಯೆಯೇ ದೊಡ್ಡದಾಗಿ ಕಾಣುತ್ತದೆ. ಸಂತೆಗೆ, ಶಾಲೆಗೆ, ಬಸ್ಸಿಗೆ ನಡೆದು ಹೋಗುವವರು ಬಿಸಿಲಿಗೆ ಬೀಳದೆ ಊರು ಸೇರುವ ಹಾಗೆ ಇಬ್ಬರು ಕೂಲಿಯವರು ಒಂದು ರಸ್ತೆಗೆ ಚಪ್ಪರ ಹಾಕಿದರು.

ನಾವು ಶಾಲೆಯಲ್ಲಿ ಓದಿದ್ದು ನೆನಪಿದೆ ಅಲ್ವಾ? ಅಶೋಕ ಚಕ್ರವರ್ತಿ ರಸ್ತೆಯ ಎರಡೂ ಬದಿ ಸಾಲುಮರಗಳನ್ನು ನೆಡಿಸಿದನು. ನೆಡಿಸಿದನು. ತಿಮ್ಮಕ್ಕ, ಚಿಕ್ಕಯ್ಯ ನೆಟ್ಟರು.

ಚಿಕ್ಕಯ್ಯ ನೋಡದ ಸನ್ಮಾನ

ಚಿಕ್ಕಯ್ಯ ತೀರಿಕೊಂಡಿದ್ದು 1991ರಲ್ಲಿ. ತಿಮ್ಮಕ್ಕನಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರ ಸಾಲಿನದು. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದುಕೊಂಡಾಗ ನನಗೆ ಹೊಟ್ಟೆ ಕಿವುಚಿದಂತಾಯಿತು.

ಮುಳ್ಳು ಕಡಿದವರು, ನೀರು ಹೊತ್ತವರು, ಗುಂಡಿ ತೋಡಿದವರು ಇಬ್ಬರು. ಅವರಲ್ಲಿ ಒಬ್ಬರ ಕೊರಳಿಗೆ ಒಂದು ಹಾರವೂ ಬೀಳಲಿಲ್ಲ. ಯಾರೂ ಬೇಕೆಂದು ಮರೆತದ್ದಲ್ಲ. ಗುರುತಿಸುವಷ್ಟರಲ್ಲಿ ತಡವಾಗಿತ್ತು. ಮರಗಳು ಆಗಲೇ ದೊಡ್ಡದಾಗಿದ್ದವು. ಆ ರಸ್ತೆಯಲ್ಲಿ ದಿನಾ ಬಸ್ಸು, ಗಾಡಿ, ಜನ ಓಡಾಡುತ್ತಿದ್ದರು. ಅಷ್ಟು ವರ್ಷ ನೆರಳು ಸಿಕ್ಕಿತ್ತು, ನೆರಳು ಕೊಟ್ಟವರು ಯಾರು ಅನ್ನುವುದು ಊರು ದಾಟಿ ಆಚೆ ಹೋಗಿರಲಿಲ್ಲ. ಪತ್ರಿಕೆಗಳಲ್ಲಿ ಬಂದ ಮೇಲಷ್ಟೇ ನಾಡಿಗೆ ಗೊತ್ತಾಯಿತು.

ತಿಮ್ಮಕ್ಕ ಮಾತ್ರ ಗಂಡನನ್ನು ಮರೆಯಲಿಲ್ಲ. ಅವರ ದೊಡ್ಡ ಆಸೆಗಳಲ್ಲಿ ಒಂದು ತಮ್ಮೂರಿನಲ್ಲಿ ಚಿಕ್ಕಯ್ಯನ ನೆನಪಿಗೆ ಒಂದು ಆಸ್ಪತ್ರೆ ಕಟ್ಟಿಸುವುದು. ಅದಕ್ಕಾಗಿ ಒಂದು ಟ್ರಸ್ಟ್ ಕೂಡ ಆಯಿತು. ತಮಗೆ ಬಂದ ಹೆಸರನ್ನು ಅವರು ಬಳಸಲು ನೋಡಿದ್ದು ಇಂಥದ್ದಕ್ಕೆ. ಊರ ಜಾತ್ರೆಗೆ ಬರುವವರಿಗೆ ನೀರು ಸಿಗಲಿ ಅಂತ ಮಳೆನೀರು ನಿಲ್ಲುವ ತೊಟ್ಟಿ ಕಟ್ಟಿಸುವ ಕೆಲಸಕ್ಕೂ ಕೈ ಹಾಕಿದ್ದರು. ಅವರಿಗೆ ಏನು ಬೇಕು ಅಂತ ಕೇಳಿದ್ದರೆ ಉತ್ತರ ತಯಾರಾಗಿಯೇ ಇತ್ತು. ಕೇಳಿದವರು ಕಡಿಮೆ, ಶಾಲು ಹೊದಿಸಿದವರು ಜಾಸ್ತಿ.

ಹೀಗೆ ಬರೆಯುವಾಗ ನನಗೆ ನಮ್ಮ ಮೇಷ್ಟ್ರು ಹೇಳಿದ ಮಾತು ಕಿವಿಗೆ ಬಿತ್ತು. "ನೀರು ಹೊರುತ್ತಾ ಇದ್ದೀವಿ" ಅಂದಿದ್ದರು. ಇದ್ದೀನಿ ಅನ್ನಲಿಲ್ಲ. ಅವರ ಮನೆಯವರು, ನಾವೆಲ್ಲ ಅಮ್ಮ ಅಂತ ಕರೆಯುವವರು, ದಿನಾ ಬೆಳಿಗ್ಗೆ ಎರಡು ಕ್ಯಾನ್ ನೀರು ತಂದು ಗೇಟಿನ ಹತ್ತಿರ ಇಟ್ಟು ಹೋಗುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ನನ್ನ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ.

ಗೋಡೆ ತುಂಬ ಪ್ರಶಸ್ತಿ, ಕೈಗೆ ಐನೂರು ರೂಪಾಯಿ

1995ರ ನಂತರ ಪ್ರಶಸ್ತಿಗಳು ಸಾಲುಗಟ್ಟಿ ಬಂದವು. 1997ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ. 2010ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ. 2016ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿ. 2019ರಲ್ಲಿ ಪದ್ಮಶ್ರೀ. 2020ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಊರೂರಿನ ಸಂಘ ಸಂಸ್ಥೆಗಳು, ಶಾಲೆಗಳು ಕೊಟ್ಟ ಫಲಕಗಳಿಗೆ ಲೆಕ್ಕವಿಲ್ಲ. ಶಾಲೆಗೆ ಹೋಗದ ಒಬ್ಬ ಕೂಲಿ ಹೆಂಗಸಿಗೆ ನಾಡೋಜ ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು ನಾನು ಮೆಚ್ಚುತ್ತೇನೆ. ಓದಿನ ಆಚೆಗೂ ತಿಳಿವಳಿಕೆ ಇದೆ ಅಂತ ಒಪ್ಪಿಕೊಂಡಂತೆ ಅದು.

ಇಷ್ಟೆಲ್ಲ ಇದ್ದೂ, ಬಹಳ ವರ್ಷ ತಿಮ್ಮಕ್ಕನ ಕೈಗೆ ತಿಂಗಳು ತಿಂಗಳು ಬರುತ್ತಿದ್ದುದು 500 ರೂಪಾಯಿ ಪಿಂಚಣಿ. ಪ್ರಶಸ್ತಿ ಹೊಟ್ಟೆ ತುಂಬಿಸುವುದಿಲ್ಲ ಅನ್ನುವ ಅರ್ಥದಲ್ಲಿ ಅವರು ಬಹಿರಂಗವಾಗಿಯೇ ಬೇಸರ ಹೇಳಿಕೊಂಡಿದ್ದರು. ಆಗ ಕೆಲವರಿಗೆ ಅದು ಸರಿ ಕಾಣಲಿಲ್ಲ. ಸಮಾಜಸೇವೆ ಮಾಡುವವರು ಹಣದ ಮಾತಾಡಬಾರದು ಅನ್ನುವ ಒಂದು ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಇದನ್ನು ಒಪ್ಪುವುದಿಲ್ಲ. ಸಂಬಳ ಇಲ್ಲದೆ ದುಡಿದವರು ಅಂದರೆ ಅನ್ನ ಬೇಡದವರು ಅಂತ ಅಲ್ಲ. ವಯಸ್ಸಾದವರನ್ನು ದೂರದೂರಿನ ಕಾರ್ಯಕ್ರಮಕ್ಕೆ ಕರೆಸಿ, ಮೂರು ಗಂಟೆ ವೇದಿಕೆಯಲ್ಲಿ ಕೂರಿಸಿ, ಶಾಲು ಹೊದಿಸಿ ಕಳಿಸುತ್ತೇವೆ. ಹೋಗಿ ಬರುವ ಖರ್ಚು, ಔಷಧಿ, ಮನೆಗೆ ಹೋದ ಮೇಲೆ ಒಲೆಯ ಮೇಲೆ ಏನಿದೆ ಅಂತ ವಿಚಾರಿಸುವುದಿಲ್ಲ. ನಾವು ಯಾರೂ ಕೆಟ್ಟವರಲ್ಲ. ಸನ್ಮಾನ ಅಂದರೆ ಆ ಒಂದು ಸಂಜೆ ಅಂತ ನಮಗೆ ರೂಢಿಯಾಗಿಬಿಟ್ಟಿದೆ, ಅಷ್ಟೇ.

2022ರಲ್ಲಿ ರಾಜ್ಯ ಸರ್ಕಾರ ಅವರನ್ನು ಪರಿಸರ ರಾಯಭಾರಿಯಾಗಿ ಮಾಡಿ ಸಂಪುಟ ದರ್ಜೆಯ ಸ್ಥಾನಮಾನ ಕೊಟ್ಟಿತು. ಆಗ ಅವರಿಗೆ 111 ವರ್ಷ. ಸ್ಥಾನಮಾನದ ಜೊತೆಗೆ ಸೌಲಭ್ಯವೂ ಬರುವುದರಿಂದ ಇದು ಬರೀ ಕಾಗದದ ಗೌರವ ಅಲ್ಲ. ಆದರೆ ಲೆಕ್ಕ ಹಾಕಿ: ಮೊದಲ ರಾಷ್ಟ್ರೀಯ ಪ್ರಶಸ್ತಿಗೂ ಇದಕ್ಕೂ ನಡುವೆ 27 ವರ್ಷ.

ರಾಷ್ಟ್ರಪತಿಯ ಹಣೆ, ಮತ್ತೆ ರಸ್ತೆ ಅಗಲ ಮಾಡುವ ಯೋಜನೆ

ಪ್ರಶಸ್ತಿಗಳಿಂದ ಉಪಯೋಗವೇ ಆಗಲಿಲ್ಲ ಅಂತ ಹೇಳಿ ಮುಗಿಸಬಹುದಿತ್ತು. ಓದುತ್ತಾ ಹೋದಾಗ ಹಾಗೆ ಅಲ್ಲ ಅಂತ ಗೊತ್ತಾಯಿತು. 2019ರ ಮಾರ್ಚಿಗೂ ಜೂನಿಗೂ ನಡುವೆ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು.

ಮಾರ್ಚ್ 16, ರಾಷ್ಟ್ರಪತಿ ಭವನ. ಪದ್ಮ ಪ್ರಶಸ್ತಿ ಕೊಡುವ ಸಮಾರಂಭದಲ್ಲಿ ಎಲ್ಲಕ್ಕೂ ಒಂದು ಕ್ರಮ ಇರುತ್ತದೆ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು, ಯಾವ ಕಡೆ ಮುಖ ಮಾಡಬೇಕು ಅನ್ನುವುದೆಲ್ಲ ಮೊದಲೇ ಗೊತ್ತಾಗಿರುತ್ತದೆ. ತಿಮ್ಮಕ್ಕ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಪ್ರಶಸ್ತಿ ಕೊಟ್ಟ ರಾಷ್ಟ್ರಪತಿ ರಾಮನಾಥ ಕೋವಿಂದ್ ಕ್ಯಾಮೆರಾ ಕಡೆ ತಿರುಗಲು ಹೇಳಿದಾಗ, ತಿಮ್ಮಕ್ಕ ಕೈ ಎತ್ತಿ ಅವರ ಹಣೆ ಮುಟ್ಟಿ ಆಶೀರ್ವಾದ ಮಾಡಿದರು. ಸಭೆಯಲ್ಲಿ ನಗು, ಚಪ್ಪಾಳೆ. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಊರಿನ ಯಾವ ಅಜ್ಜಿಯಾದರೂ ಮಾಡುವುದು ಅದನ್ನೇ. ಎದುರಿಗೆ ಬಂದ ಕಿರಿಯವರ ತಲೆ ಮುಟ್ಟಿ ಚೆನ್ನಾಗಿರಪ್ಪ ಅನ್ನುವುದು. ಅವತ್ತು ತೆಗೆದುಕೊಳ್ಳಲು ಬಂದವರು ಕೊಟ್ಟು ಹೋದರು. ದೇಶದ ಮೂಲೆ ಮೂಲೆಗೆ ಆ ಚಿತ್ರ ತಲುಪಿತು.

ಮೂರು ತಿಂಗಳು ಕಳೆಯುವಷ್ಟರಲ್ಲಿ ಬೇರೆ ಸುದ್ದಿ ಬಂತು. ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆ. ಆ ರಸ್ತೆ ಹೋಗುವುದು ಹುಲಿಕಲ್–ಕುದೂರಿನ ಮೇಲೆ. ಅಂದರೆ ಅದೇ 385 ಆಲಗಳ ನಡುವೆ. ರಸ್ತೆ ಅಗಲವಾದರೆ ಮರ ಹೋಗುತ್ತದೆ, ಇದಕ್ಕೆ ಹೆಚ್ಚು ವಿವರಣೆ ಬೇಡ. ತಿಮ್ಮಕ್ಕ ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರಿಗೆ ಮನವಿ ಮಾಡಿದರು. ಮರ ಕಡಿಯಬೇಡಿ, ಬೇರೆ ದಾರಿ ನೋಡಿ ಅಂತ. ಸರ್ಕಾರ ಒಪ್ಪಿತು. ಮರಗಳನ್ನು ಉಳಿಸಿಕೊಂಡೇ ಬೇರೆ ವ್ಯವಸ್ಥೆ ಮಾಡುವುದಾಗಿ ಹೇಳಿತು.

ಇಲ್ಲಿ ಪದ್ಮಶ್ರೀ ಕೆಲಸಕ್ಕೆ ಬಂತು. ಮಾಗಡಿ ತಾಲ್ಲೂಕಿನ ಯಾರೋ ಒಬ್ಬ ಮುದುಕಿ ವಿಧಾನಸೌಧದ ಬಾಗಿಲಿಗೆ ಹೋಗಿ, ನಾನು ನೆಟ್ಟ ಮರ ಕಡಿಯಬೇಡಿ ಅಂದಿದ್ದರೆ ಯಾವ ಮಹಡಿಯವರೆಗೆ ಹೋಗಲು ಆಗುತ್ತಿತ್ತು? ಅವರ ಹಿಂದೆ ಇಡೀ ನಾಡು ನಿಂತಿದೆ ಅಂತ ಸರ್ಕಾರಕ್ಕೆ ಗೊತ್ತಿತ್ತು. ಹಾಗೆ ನಿಲ್ಲಿಸಿದ್ದು ಇಪ್ಪತ್ತನಾಲ್ಕು ವರ್ಷದ ಸನ್ಮಾನಗಳು. ಅವರಿಗೆ ಸಂದ ಎಲ್ಲ ಗೌರವಗಳಲ್ಲಿ ಇದನ್ನೇ ನಾನು ದೊಡ್ಡದು ಅನ್ನುತ್ತೇನೆ. ಈ ಗೌರವಕ್ಕೆ ಫಲಕ ಇಲ್ಲ, ಸಮಾರಂಭ ಇಲ್ಲ. ಮರಗಳು ನಿಂತಿವೆ.

ನನಗೆ ಬೇಸರ ಆಗುವುದು ಇನ್ನೊಂದು ಕಡೆ. ಆ ಮರಗಳಿಗೆ ಅಪಾಯ ಬಂದಾಗ ಮನವಿ ಹಿಡಿದು ಹೋಗಬೇಕಾದವರು ನೂರು ದಾಟಿದ ಅವರೇ ಆಗಬೇಕಿತ್ತಾ? ನೆಟ್ಟವರೇ ಕೊನೆಯವರೆಗೆ ಕಾಯಬೇಕು ಅಂತಾದರೆ, ನೆರಳಿನಲ್ಲಿ ನಡೆದವರ ಪಾಲು ಏನು?

ಜನ ಇಟ್ಟ ಹೆಸರು

ತಿಮ್ಮಕ್ಕ ಅನ್ನುವ ಹೆಸರಿನವರು ನಮ್ಮ ಹಳ್ಳಿಗಳಲ್ಲಿ ನೂರಾರು ಜನ ಇದ್ದಾರೆ. ಹಿಂದೆ ಸಾಲುಮರದ ಅಂತ ಸೇರಿದ ಮೇಲೆ ಒಬ್ಬರೇ. ನಮ್ಮ ಕಡೆ ಊರ ಹೆಸರು, ಮನೆಯ ಹೆಸರು, ಕಸುಬಿನ ಹೆಸರು ಸೇರಿಸಿ ಕರೆಯುವ ಪದ್ಧತಿ ಇದೆ. ಅದೇ ರೀತಿ ಇವರ ಕೆಲಸವನ್ನೇ ಜನ ಮನೆಹೆಸರಿನಂತೆ ಸೇರಿಸಿದರು. ಹೀಗೆ ಬಂದ ಹೆಸರು ಬೇರೆ ಯಾವ ಬಿರುದಿಗಿಂತಲೂ ಹೆಚ್ಚು ಬಾಳುತ್ತದೆ. ಮಕ್ಕಳು ಕೂಡ ಪದ್ಮಶ್ರೀ ತಿಮ್ಮಕ್ಕ ಅನ್ನುವುದಿಲ್ಲ, ಸಾಲುಮರದ ತಿಮ್ಮಕ್ಕ ಅನ್ನುತ್ತಾರೆ.

ಆ ಹೆಸರನ್ನು ಅರಣ್ಯ ಇಲಾಖೆ ಒಂದು ಒಳ್ಳೆಯ ಕೆಲಸಕ್ಕೆ ಬಳಸಿಕೊಂಡಿತು. ರಾಜ್ಯದ ಊರೂರುಗಳ ಅಂಚಿನಲ್ಲಿರುವ ಅರಣ್ಯ ಜಾಗಗಳಲ್ಲಿ ಸಾಲುಮರದ ತಿಮ್ಮಕ್ಕ ಟ್ರೀ ಪಾರ್ಕುಗಳನ್ನು ಮಾಡಿದೆ. ಉಡುಪಿ ಜಿಲ್ಲೆಯಲ್ಲಿ ಮಣಿಪಾಲದ ಹತ್ತಿರ ಬಡಗಬೆಟ್ಟಿನಲ್ಲಿ ಒಂದಿದೆ. ನಡೆಯಲು ದಾರಿ, ಕೂರಲು ಕಟ್ಟೆ, ಮಕ್ಕಳಿಗೆ ಆಟದ ಸಾಮಾನು, ಸುತ್ತ ಊರಿನ ಮರಗಳು. ದೂರದ ಕಾಡಿಗೆ ಹೋಗಲಾಗದ ಮನೆಯವರು ಭಾನುವಾರ ಬುತ್ತಿ ಕಟ್ಟಿಕೊಂಡು ಬಂದು ಕೂರಬಹುದು.

ಇದು ನನಗೆ ತುಂಬ ಹಿಡಿಸಿದ ಗೌರವ. ತಿಮ್ಮಕ್ಕ ಮಾಡಿದ್ದನ್ನೇ ಇನ್ನಷ್ಟು ಮಾಡಿ, ಅದಕ್ಕೆ ಅವರ ಹೆಸರು ಇಟ್ಟರು. ಸರ್ಕಲ್ಲಿಗೋ ಮೇಲ್ಸೇತುವೆಗೋ ಹೆಸರಿಟ್ಟಿದ್ದರೆ ಹೆಸರು ಉಳಿಯುತ್ತಿತ್ತು, ಕೆಲಸ ಮುಂದುವರಿಯುತ್ತಿರಲಿಲ್ಲ. ಆದರೆ ಈ ಗೌರವಕ್ಕೆ ದಿನಾ ಕೆಲಸ ಇದೆ. ಪಾರ್ಕಿನ ಜೋಕಾಲಿಯ ಸರಪಳಿ ಕಿತ್ತುಹೋಗಿ ಆರು ತಿಂಗಳಾದರೂ ಹಾಗೇ ಬಿಟ್ಟರೆ, ಶೌಚಾಲಯಕ್ಕೆ ಬೀಗ ಬಿದ್ದರೆ, ಅದು ಅವರ ಹೆಸರಿನ ಕೆಳಗೇ ಆಗುತ್ತದೆ. ಗೇಟಿನ ಮೇಲೆ ತಿಮ್ಮಕ್ಕನ ಹೆಸರು ಬರೆಸಿದ ದಿನ ನಾವು ಮುಳ್ಳುಬೇಲಿ ಕಟ್ಟುವ ಕೆಲಸವನ್ನೂ ಒಪ್ಪಿಕೊಂಡ ಹಾಗೆ. ಅಂಥ ಪಾರ್ಕು ನಿಮ್ಮೂರಿನಲ್ಲಿ ಇದ್ದರೆ ಒಂದು ಸಲ ಹೋಗಿ ಬನ್ನಿ. ಹಾಳಾದದ್ದು ಏನಾದರೂ ಕಂಡರೆ ಸಂಬಂಧಪಟ್ಟವರಿಗೆ ಎರಡು ಸಾಲು ಬರೆದು ಕೊಡಿ. ಅದೂ ತಿಮ್ಮಕ್ಕನಿಗೆ ಮಾಡುವ ಸನ್ಮಾನವೇ.

ಆಲದ ಸಾಲಿನ ಆಚೆಗೂ ಅವರು ಗಿಡ ನೆಡುವುದನ್ನು ಬಿಡಲಿಲ್ಲ. ಬೇರೆ ಜಾತಿಯ ಮರಗಳೆಲ್ಲ ಸೇರಿ 8,000ದ ಹತ್ತಿರ ಅಂತ ಹೇಳುತ್ತಾರೆ. 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅವತ್ತು ಮಕ್ಕಳ ದಿನ. ಸರ್ಕಾರಿ ಗೌರವದೊಂದಿಗೆ ಕಳಿಸಿಕೊಟ್ಟೆವು.

ನಮ್ಮ ಪಾರ್ಕಿನಲ್ಲಿ ಏನು ಮಾಡಿದೆವು

ಇಷ್ಟು ಓದಿದ ಮೇಲೆ ನನ್ನ ಪಟ್ಟಿಯನ್ನು ಸಂಘದ ಸಭೆಗೆ ಮತ್ತೆ ತೆಗೆದುಕೊಂಡು ಹೋದೆ. ಸ್ವಲ್ಪ ವಾದ ಆಯಿತು. ಪೇಟ, ಶಾಲು ಇಲ್ಲದೆ ಸನ್ಮಾನ ಹೇಗೆ, ನಾಲ್ಕು ಜನ ಏನಂದಾರು ಅಂತ ಹಿರಿಯರೊಬ್ಬರು ಕೇಳಿದರು. ಅವರ ಮಾತಿನಲ್ಲೂ ಹುರುಳಿತ್ತು. ತುಂಬಿದ ಸಭೆಯಲ್ಲಿ ಹೆಸರು ಹಿಡಿದು ಕರೆದು, ಹೆಗಲಿಗೆ ಶಾಲು ಹೊದಿಸಿದಾಗ ಆಗುವ ಸಂತೋಷ ಸಣ್ಣದಲ್ಲ. ಆ ಸಂತೋಷ ಚಿಕ್ಕಯ್ಯನಿಗೆ ಸಿಗಲಿಲ್ಲ ಅಂತಲೇ ಅಲ್ಲವಾ ನನಗೆ ಹೊಟ್ಟೆ ಕಿವುಚಿದ್ದು? ಶಾಲು ಉಳಿಯಿತು. ಒಂದರ ಬದಲು ಎರಡಾಯಿತು. ಮೇಷ್ಟ್ರಿಗೊಂದು, ಅಮ್ಮನಿಗೊಂದು. ಫಲಕ, ಹಣ್ಣಿನ ಬುಟ್ಟಿ ಬಿಟ್ಟೆವು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಪ್ಲಂಬರನ್ನು ಕರೆಸಿದೆವು.

ಇನ್ನೆರಡು ತೀರ್ಮಾನ ಮಾಡಿದೆವು. ಹೊಂಗೆಗಳಿಗೆ ನೀರು ಹಾಕಲು ಮನೆಗೊಂದು ವಾರ ಅಂತ ಸರದಿ ಹಾಕಿಕೊಂಡೆವು. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ, ಅವರು ಹೇಳಿಕೊಟ್ಟರೆ ಸಾಕು. ಮತ್ತೆ, ಮುಂದೆ ಪಾರ್ಕಿನಲ್ಲಿ ಯಾವ ಕೆಲಸ ಆಗುವುದಿದ್ದರೂ, ಚರಂಡಿ ಇರಲಿ, ಕಾಂಪೌಂಡು ಇರಲಿ, ಮರಕ್ಕೆ ಕೈ ಹಾಕುವ ಮುಂಚೆ ಸಂಘದ ಸಭೆಯಲ್ಲಿ ಮೇಷ್ಟ್ರನ್ನು ಕೂರಿಸಿಕೊಂಡು ಮಾತಾಡಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆದೆವು. ಈ ಎರಡನೆಯದು ತಿಮ್ಮಕ್ಕನ ರಸ್ತೆಯಿಂದ ಕಲಿತದ್ದು.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಧ್ವಜಾರೋಹಣ, ಮಕ್ಕಳ ಹಾಡು, ಆಮೇಲೆ ಸನ್ಮಾನ. ಅಮ್ಮನ ಹೆಸರು ಕರೆದಾಗ ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನ್ಯಾಕೆ ಅಂತ ಕೈ ಆಡಿಸಿದರು. ಖೋಖೋ ಹುಡುಗಿಯರು ಕೈ ಹಿಡಿದು ಕರೆದುಕೊಂಡು ಬಂದರು. ಶಾಲು ಹೊದಿಸುವಾಗ ಅವರು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಹೊಸ ಪೈಪು ಆ ಮೂಲೆ ಗಿಡದವರೆಗೆ ಬರುತ್ತೇನಪ್ಪ?"

ಸಭೆ ಮುಗಿದ ಮೇಲೆ ಎಳೆದು ನೋಡಿದೆವು. ಹತ್ತು ಅಡಿ ಕಡಿಮೆ ಬಿತ್ತು. ಸೋಮವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹದಿನೈದು ಅಡಿ ಪೈಪು, ಒಂದು ಜಾಯಿಂಟು, ಎರಡು ಕ್ಲಿಪ್ಪು ತಂದು ಕೂಡಿಸಿದೆ.